ಬಂದರಿನಲ್ಲಿ ಎಣ್ಣೆ ಸೋರಿದಾಗ: ಒಳ್ಳೆಯ ವರದಿಯೆಂಬ ಕಸುಬು

ಹಡಗಿನಿಂದ ಕಡಲಿಗೆ ಎಣ್ಣೆ ಸೋರಿದ ಸುದ್ದಿ ಬಂದಾಗ ಟಿವಿಯಲ್ಲಿ ನಮಗೆ ಕಾಣುವುದು ಎಣ್ಣೆ ಹರಡದಂತೆ ತಡೆಯಲು ನೀರಿನ ಮೇಲೆ ತೇಲಿಬಿಟ್ಟ ಕಿತ್ತಳೆ ಬಣ್ಣದ ಬೂಮ್‌ಗಳು, ಅವನ್ನು ಎಳೆಯುವ ಟಗ್‌ಗಳು, ಮೇಲೆ ಸುತ್ತುವ ಡಾರ್ನಿಯರ್ ವಿಮಾನ. ಇವೆಲ್ಲ ಹೊರಡುವುದಕ್ಕೆ ಮುಂಚೆಯೇ ಒಂದು ಕೆಲಸ ನಡೆದಿರುತ್ತದೆ. ಯಾರೋ ಒಬ್ಬರು ನೀರಿನ ಮೇಲೆ ಏನನ್ನೋ ಗಮನಿಸಿರುತ್ತಾರೆ. ಅದು ಎಣ್ಣೆ ಹೌದೋ ಅಲ್ಲವೋ ಎಂದು ಪರೀಕ್ಷಿಸಿರುತ್ತಾರೆ. ಎಲ್ಲಿದೆ, ಎಷ್ಟಿದೆ, ಯಾವ ಕಡೆ ಸಾಗುತ್ತಿದೆ ಎಂದು ಅಳೆದು, ಕೇಳಬೇಕಾದವರ ಕಿವಿಗೆ ಮುಟ್ಟಿಸಿರುತ್ತಾರೆ. ಮುಂದಿನ ಎಲ್ಲ ಓಡಾಟ ನಿಂತಿರುವುದು ಆ ಹತ್ತಾರು ಸಾಲುಗಳ ಸಂದೇಶದ ಮೇಲೆ.

ಈ ಕೆಲಸಕ್ಕೆ ಸನ್ಮಾನವಿಲ್ಲ, ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ. ಆದರೂ ಇದು ಕಲಿತು ಪಳಗಬೇಕಾದ ಕಸುಬು. ಕಂಡದ್ದನ್ನು ಕಂಡಷ್ಟೇ ಹೇಳುವುದು, ಊಹಿಸಿದ್ದನ್ನು ಊಹೆಯೆಂದೇ ಹೇಳುವುದು, ಎರಡನ್ನೂ ತಡಮಾಡದೆ ಹೇಳುವುದು: ಈ ಮೂರರಲ್ಲಿ ಇದರ ಸಾರವೆಲ್ಲ ಇದೆ. ಕೇಳಲು ಸುಲಭ, ಮಾಡಲು ಕಷ್ಟ.

ಕರ್ನಾಟಕದವರಾದ ನಮಗೆ ಇದು ದೂರದ ವಿಷಯವೇನೂ ಅಲ್ಲ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರಿಗೆ ತೈಲ ಶುದ್ಧೀಕರಣ ಕಾರ್ಖಾನೆಯಾದ ಎಂಆರ್‌ಪಿಎಲ್‌ಗೆ ಬೇಕಾದ ಕಚ್ಚಾತೈಲ ಬರುತ್ತದೆ, ಅಡುಗೆ ಅನಿಲ ಬರುತ್ತದೆ, ತಾಳೆ ಎಣ್ಣೆ ಬರುತ್ತದೆ. 2022ರ ಜೂನ್‌ನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ಉಳ್ಳಾಲದ ಬಟ್ಟಪ್ಪಾಡಿಯ ಎದುರು ನೀರು ತುಂಬಿಕೊಂಡು ಕುಳಿತಾಗ, ಅದರಲ್ಲಿದ್ದ ಸಿರಿಯಾದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಪಾರುಮಾಡಿತು. ಜನ ಬದುಕಿದರು ಎಂಬ ಸಮಾಧಾನದ ಬೆನ್ನಿಗೇ ಬಂದ ಪ್ರಶ್ನೆ, ಹಡಗಿನ ಹೊಟ್ಟೆಯೊಳಗಿನ ಇಂಧನ ತೈಲದ್ದು. ಮಳೆಗಾಲದ ಆ ಕಡಲಿನಲ್ಲಿ ದಿನವೂ ಯಾರಾದರೂ ನೀರನ್ನು ನೋಡಿ ‘ಇವತ್ತು ಇಲ್ಲ’ ಅಥವಾ ‘ಇವತ್ತು ಇದೆ’ ಎಂದು ಹೇಳಲೇಬೇಕಿತ್ತು.

ಸೋರುವುದು ಎಲ್ಲಿಂದ?

ದೊಡ್ಡ ಅಪಘಾತಗಳಷ್ಟೇ ನಮ್ಮ ನೆನಪಿನಲ್ಲಿ ಉಳಿಯುತ್ತವೆ. ಬಂದರಿನೊಳಗಿನ ಸೋರಿಕೆ ಸಾಮಾನ್ಯವಾಗಿ ಸಣ್ಣದು, ದಿನನಿತ್ಯದ ಕೆಲಸದ ನಡುವೆ ಆಗುವಂಥದ್ದು. ಇಂಧನ ತುಂಬಿಸುವಾಗ ಹೋಸ್ ಬಿರಿಯಬಹುದು, ಡೆಕ್ಕಿನ ಕ್ರೇನಿನ ಹೈಡ್ರಾಲಿಕ್ ಪೈಪು ಒಡೆಯಬಹುದು, ಪ್ರೊಪೆಲರ್ ಶಾಫ್ಟಿನ ಸೀಲ್ ಸವೆದು ಹನಿಹನಿಯಾಗಿ ಜಿನುಗಬಹುದು, ಎಂಜಿನ್ ಕೋಣೆಯ ತಳದಲ್ಲಿ ನಿಂತ ಬಿಲ್ಜ್ ನೀರನ್ನು ಯಾರೋ ತಪ್ಪು ವಾಲ್ವ್ ತೆರೆದು ಹೊರಗೆ ಬಿಡಬಹುದು.

ಇಂಧನ ತುಂಬಿಸುವ ಕೆಲಸಕ್ಕೆ ಬಂಕರಿಂಗ್ ಎನ್ನುತ್ತಾರೆ. ಅದನ್ನು ಹತ್ತಿರದಿಂದ ನೋಡಿದರೆ ಎಚ್ಚರಿಕೆಯೆಂದರೆ ಏನೆಂದು ಗೊತ್ತಾಗುತ್ತದೆ. ಹಗಲಾದರೆ ಕೆಂಪು ಬಾವುಟ, ರಾತ್ರಿಯಾದರೆ ಕೆಂಪು ದೀಪ ಏರುತ್ತದೆ. ಡೆಕ್ಕಿನ ಮೇಲಿನ ಮಳೆನೀರು ಕಡಲಿಗೆ ಹರಿಯಲೆಂದು ಅಂಚಿನಲ್ಲಿ ಬಿಟ್ಟಿರುವ ಸ್ಕಪ್ಪರ್ ತೂತುಗಳನ್ನು ಒಂದೊಂದಾಗಿ ಬಿರಡೆ ಹಾಕಿ ಬಿಗಿಯುತ್ತಾರೆ. ಹೋಸ್ ಜೋಡಿಸುವ ಜಾಗದ ಕೆಳಗೆ ತಟ್ಟೆ, ಮರದ ಹೊಟ್ಟು, ಎಣ್ಣೆ ಹೀರುವ ಪ್ಯಾಡ್‌ಗಳು ಸಿದ್ಧವಾಗಿರುತ್ತವೆ. ಒಬ್ಬ ಟ್ಯಾಂಕಿನ ಸೌಂಡಿಂಗ್ ಪೈಪಿನೊಳಗೆ ಟೇಪು ಇಳಿಸಿ ಮಟ್ಟ ಅಳೆಯುತ್ತಿರುತ್ತಾನೆ, ಇನ್ನೊಬ್ಬ ವಾಕಿಟಾಕಿ ಹಿಡಿದು ಪಂಪಿನವನ ಜೊತೆ ಮಾತಾಡುತ್ತಿರುತ್ತಾನೆ. ಟ್ಯಾಂಕು ಭರ್ತಿಯಾಗಲು ಬರುವ ಕೊನೆಯ ಕೆಲವು ನಿಮಿಷಗಳೇ ಅತ್ಯಂತ ಅಪಾಯದ ಹೊತ್ತು. ಪಂಪಿನ ವೇಗ ಇಳಿಸುವುದು ತಡವಾದರೆ ಟ್ಯಾಂಕಿನ ಗಾಳಿಕೊಳವೆಯಿಂದ ಎಣ್ಣೆ ಉಕ್ಕುತ್ತದೆ. ಸ್ಕಪ್ಪರ್ ಭದ್ರವಾಗಿದ್ದರೆ ಅದು ಡೆಕ್ಕಿನ ಮೇಲೇ ನಿಲ್ಲುತ್ತದೆ. ಒಂದೇ ಒಂದು ಬಿರಡೆ ಮರೆತಿದ್ದರೂ ಸಾಕು, ಹಡಗಿನ ಮಗ್ಗುಲಿನಲ್ಲಿ ಕಪ್ಪು ಗೆರೆಯೊಂದು ಇಳಿದು ನೀರು ಮುಟ್ಟುತ್ತದೆ.

ಪಂಪು ನಿಲ್ಲಿಸುವುದು ಮೊದಲ ಕೆಲಸ. ಎಚ್ಚರಿಕೆಯ ಗಂಟೆ ಬಾರಿಸುವುದು ಎರಡನೆಯದು. ಮೂರನೆಯದು ವರದಿ. 400 ಟನ್ನೇಜಿಗಿಂತ ದೊಡ್ಡದಾದ ಪ್ರತಿ ಹಡಗಿನಲ್ಲೂ, 150 ಟನ್ನೇಜಿಗಿಂತ ದೊಡ್ಡದಾದ ಪ್ರತಿ ತೈಲ ಹಡಗಿನಲ್ಲೂ ಇಂಥ ಹೊತ್ತಿಗೆಂದೇ ಬರೆದಿಟ್ಟ ತುರ್ತು ಯೋಜನೆಯ ಪುಸ್ತಕ ಇರಲೇಬೇಕು ಎಂಬುದು ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮ. ನಾವಿಕರು ಅದನ್ನು ‘ಸೋಪೆಪ್’ ಎಂದು ಕರೆಯುತ್ತಾರೆ. ಯಾವ ಬಂದರಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಪ್ರತಿ ಬಂದರು ಸೇರಿದಾಗಲೂ ಆ ಪಟ್ಟಿಯನ್ನು ಹೊಸದಾಗಿ ತುಂಬಬೇಕು. ಒಳ್ಳೆಯ ಅಧಿಕಾರಿ ಹಡಗಿನ ಹಗ್ಗ ಕಟ್ಟಿ ಮುಗಿಯುವ ಹೊತ್ತಿಗೆ ಆ ಸಂಖ್ಯೆಗಳನ್ನು ಏಜೆಂಟರಿಂದ ಪಡೆದು ಗೋಡೆಗೆ ಅಂಟಿಸಿರುತ್ತಾನೆ. ಎಣ್ಣೆ ಉಕ್ಕಿದ ಮೇಲೆ ನಂಬರು ಹುಡುಕುವವನು ಆಗಲೇ ಅರ್ಧ ಸೋತಿರುತ್ತಾನೆ.

ಬಣ್ಣ ಓದುವ ವಿದ್ಯೆ

ಎಣ್ಣೆ ನೀರಿನ ಮೇಲೆ ಹರಡುವ ಬಗೆ ಎಂಥವರನ್ನೂ ದಾರಿ ತಪ್ಪಿಸುತ್ತದೆ. ಬೆಳ್ಳಿಬಣ್ಣದ ತೆಳು ಹೊಳಪಾಗಿ ಹರಡಿದರೆ ಒಂದೇ ಲೀಟರ್ ಎಣ್ಣೆ ಸುಮಾರು ಎರಡೂವರೆ ಎಕರೆ ನೀರನ್ನು ಮುಚ್ಚಬಲ್ಲದು. ಹೊಸಬ ಅದನ್ನು ನೋಡಿ ಗಾಬರಿಗೊಂಡು ಟನ್‌ಗಟ್ಟಲೆ ಎನ್ನುತ್ತಾನೆ. ಪಕ್ಕದಲ್ಲೇ ಗೋಣಿಚೀಲ ಹಾಸಿದಷ್ಟು ಅಗಲದಲ್ಲಿ ತೇಲುತ್ತಿರುವ ಗಟ್ಟಿ ಕಪ್ಪು ತೇಪೆಯನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಣ್ಣೆಯ ಬಹುಪಾಲು ಇರುವುದು ಆ ತೇಪೆಯಲ್ಲಿ. ಪಳಗಿದ ಕಣ್ಣು ವಿಸ್ತಾರಕ್ಕೆ ಮರುಳಾಗದೆ ದಪ್ಪವನ್ನು ಹುಡುಕುತ್ತದೆ.

ದಪ್ಪವನ್ನು ಕಣ್ಣಿನಿಂದಲೇ ಅಂದಾಜು ಮಾಡುವ ಒಂದು ಸೊಗಸಾದ ಪದ್ಧತಿಯಿದೆ. 1967ರ ಮಾರ್ಚ್‌ನಲ್ಲಿ ‘ಟೊರಿ ಕ್ಯಾನ್ಯನ್’ ಎಂಬ ತೈಲ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಬಂಡೆಗಳಿಗೆ ಬಡಿದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾತೈಲ ಹೊತ್ತೇ ಒಡೆದುಹೋಯಿತು. ಆ ದುರಂತದಿಂದ ಪಾಠ ಕಲಿತ ಉತ್ತರ ಸಮುದ್ರದ ದೇಶಗಳು 1969ರಲ್ಲಿ ಬಾನ್ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದ ತಜ್ಞರು ಮುಂದೆ ವರ್ಷಗಳ ಪ್ರಯೋಗದಿಂದ ರೂಪಿಸಿದ ಬಣ್ಣದ ಸೂಚಿಯನ್ನು ಇಂದು ಜಗತ್ತಿನ ಅನೇಕ ಕಡೆ ಬಳಸುತ್ತಾರೆ. ಅದರಲ್ಲಿ ಐದು ಮೆಟ್ಟಿಲುಗಳಿವೆ.

ಮೊದಲನೆಯದು ಬೆಳ್ಳಿ ಅಥವಾ ಬೂದು ಹೊಳಪು. ಇಲ್ಲಿ ಪದರದ ದಪ್ಪ 0.04ರಿಂದ 0.3 ಮೈಕ್ರಾನ್, ಅಂದರೆ ಒಂದು ಚದರ ಕಿಲೋಮೀಟರಿಗೆ 40ರಿಂದ 300 ಲೀಟರ್. ಎರಡನೆಯದು ಕಾಮನಬಿಲ್ಲು. ಪದರದ ದಪ್ಪ ಬೆಳಕಿನ ತರಂಗಾಂತರದ ಆಸುಪಾಸಿಗೆ ಬಂದಾಗ ಮೇಲ್ಮೈಯಿಂದ ಮರಳುವ ಬೆಳಕೂ ತಳದಿಂದ ಮರಳುವ ಬೆಳಕೂ ಒಂದರೊಳಗೊಂದು ಬೆರೆತು ಬಣ್ಣಗಳು ಏಳುತ್ತವೆ. ಇಲ್ಲಿ ಚದರ ಕಿಲೋಮೀಟರಿಗೆ 300ರಿಂದ 5,000 ಲೀಟರ್. ಮೂರನೆಯದು ಲೋಹದ ಹೊಳಪು. ಕಾಮನಬಿಲ್ಲು ಮಾಯವಾಗಿ ನೀರು ಆಕಾಶದ ಬಣ್ಣವನ್ನು ಒಂದೇ ಸಮನೆ ಹಿಂತಿರುಗಿಸುತ್ತದೆ, ಪ್ರಮಾಣ 5,000ದಿಂದ 50,000 ಲೀಟರಿಗೆ ಏರುತ್ತದೆ. ನಾಲ್ಕನೆಯದರಲ್ಲಿ ಎಣ್ಣೆಯ ನಿಜಬಣ್ಣ ತೇಪೆತೇಪೆಯಾಗಿ ಕಾಣತೊಡಗುತ್ತದೆ, ಅದು 2,00,000 ಲೀಟರಿನವರೆಗೆ. ಐದನೆಯದರಲ್ಲಿ ನಿಜಬಣ್ಣ ಎಲ್ಲೂ ಕಡಿಯದೆ ಹಾಸಿಕೊಂಡಿರುತ್ತದೆ, ಪ್ರಮಾಣ ಅದಕ್ಕೂ ಮೇಲೆ.

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆ ನೋಡೋಣ. ಜೆಟ್ಟಿಯ ಪಕ್ಕ 800 ಮೀಟರ್ ಉದ್ದ, 50 ಮೀಟರ್ ಅಗಲದ ಜಿಡ್ಡಿನ ಪಟ್ಟಿಯಿದೆ ಎಂದಿಟ್ಟುಕೊಳ್ಳಿ. ವಿಸ್ತೀರ್ಣ 0.04 ಚದರ ಕಿಲೋಮೀಟರ್. ನಡುನಡುವೆ ಖಾಲಿ ನೀರೂ ಇದೆ, ಎಣ್ಣೆ ಮುಚ್ಚಿರುವುದು ಅರ್ಧ ಭಾಗ ಮಾತ್ರ. ಉಳಿದದ್ದು 0.02. ಅದರಲ್ಲಿ ಶೇಕಡ 80 ಬೆಳ್ಳಿ ಹೊಳಪು, ಶೇಕಡ 15 ಕಾಮನಬಿಲ್ಲು, ಶೇಕಡ 5 ಲೋಹದ ಹೊಳಪು. ಬೆಳ್ಳಿಯ ಪಾಲಿಗೆ ಬರುವುದು ಅರ್ಧ ಲೀಟರಿಗಿಂತ ತುಸು ಹೆಚ್ಚಿನಿಂದ 5 ಲೀಟರಿನೊಳಗೆ. ಕಾಮನಬಿಲ್ಲಿನ ಪಾಲು ಸುಮಾರು 1ರಿಂದ 15 ಲೀಟರ್. ಬರೀ ಶೇಕಡ 5ರಷ್ಟಿದ್ದ ಲೋಹದ ಹೊಳಪಿನ ಪಾಲು 5ರಿಂದ 50 ಲೀಟರ್. ಒಟ್ಟು ಆರೂವರೆಯಿಂದ 70 ಲೀಟರ್. ಎಲ್ಲಕ್ಕಿಂತ ಕಡಿಮೆ ಜಾಗ ಹಿಡಿದ ಬಣ್ಣವೇ ಎಲ್ಲಕ್ಕಿಂತ ಹೆಚ್ಚು ಎಣ್ಣೆ ಇಟ್ಟುಕೊಂಡಿದೆ ನೋಡಿ. ಉತ್ತರ ಒಂದೇ ಅಂಕಿಯಾಗಿ ಬರಲಿಲ್ಲ ಎಂಬುದನ್ನೂ ಗಮನಿಸಬೇಕು. ಬಲ್ಲವರು ‘ಆರೂವರೆಯಿಂದ 70 ಲೀಟರ್’ ಎಂದು ಎರಡು ತುದಿಗಳನ್ನೂ ಕೊಡುತ್ತಾರೆ. ‘40 ಲೀಟರ್’ ಎಂದು ನಡುವೆ ಒಂದು ಸಂಖ್ಯೆ ಹಿಡಿದು ಹೇಳಿದರೆ ಕೇಳಲು ಖಚಿತವೆನಿಸುತ್ತದೆ, ಆದರೆ ಅದು ತನಗಿಲ್ಲದ ಜ್ಞಾನವನ್ನು ಇದೆಯೆಂದು ತೋರಿಸಿಕೊಂಡಂತೆ.

ಈ ಸೂಚಿಗೂ ಮಿತಿಯಿದೆ. ಅಲೆಗಳು ಎಣ್ಣೆಯನ್ನು ನೀರಿನೊಂದಿಗೆ ಕಡೆದು ಕಂದುಬಣ್ಣದ ಮಂದ ಮುದ್ದೆಯಾಗಿಸಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಆ ಮುದ್ದೆಯಲ್ಲಿ ನೀರೇ ಶೇಕಡ 80ರವರೆಗೂ ಇರಬಹುದು. ಆಗ ‘ನೀರು ಬೆರೆತ ಮುದ್ದೆ, ಇಷ್ಟು ಉದ್ದ, ಇಷ್ಟು ಅಗಲ’ ಎಂದು ಬರೆದು ನಿಲ್ಲಿಸುವುದೇ ಸರಿ.

ಎಣ್ಣೆಯಂತೆ ಕಾಣುವ ಬೇರೆ ಸಂಗತಿಗಳು

ನೀರಿನ ಮೇಲೆ ಹೊಳೆಯುವುದೆಲ್ಲ ಹಡಗಿನ ಎಣ್ಣೆಯಲ್ಲ. ಮೋಡದ ನೆರಳು ದೂರದಿಂದ ಕಪ್ಪು ತೇಪೆಯಾಗಿ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಿಗೆಯ ಶಾಂತ ಕಡಲಿನ ಮೇಲೆ ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿ ಮರದ ಹೊಟ್ಟು ಚೆಲ್ಲಿದ ಹಾಗೆ ಕಂದು ಪಟ್ಟಿಗಳಾಗಿ ತೇಲುತ್ತದೆ. ಬೂತಾಯಿಯಂಥ ಕೊಬ್ಬಿನ ಮೀನುಗಳ ದೊಡ್ಡ ಹಿಂಡು ಇದ್ದಲ್ಲಿ ಮೀನೆಣ್ಣೆಯ ತೆಳು ಹೊಳಪು ಏಳುವುದನ್ನು ಮೀನುಗಾರರು ಬಲ್ಲರು. ದಡದ ಚರಂಡಿ ಸೇರುವ ಕಡೆ ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾಗಳು ಥೇಟ್ ಪೆಟ್ರೋಲಿನಂತೆ ಬಣ್ಣ ಬಿಡುತ್ತವೆ.

ಕೊನೆಯದನ್ನು ಪತ್ತೆ ಮಾಡಲು ಒಂದು ಕಡ್ಡಿ ಸಾಕು. ನಿಂತ ನೀರಿನ ಆ ಪದರವನ್ನು ಕಡ್ಡಿಯಿಂದ ಚುಚ್ಚಿ. ಬ್ಯಾಕ್ಟೀರಿಯಾದ ಪದರ ಗಾಜಿನ ಚೂರುಗಳಂತೆ ಕೋನಕೋನವಾಗಿ ಒಡೆದು ಹಾಗೇ ಬಿಡಿಬಿಡಿಯಾಗಿ ಉಳಿಯುತ್ತದೆ. ಪೆಟ್ರೋಲಿಯಂ ಆದರೆ ಕಡ್ಡಿಯ ಸುತ್ತ ಸುಳಿಯಾಗಿ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಕೋಟ್ಯಂತರ ರೂಪಾಯಿಯ ಉಪಗ್ರಹ ಇದ್ದರೂ ಈ ಕಡ್ಡಿಯ ಪರೀಕ್ಷೆಗೆ ತನ್ನದೇ ಬೆಲೆಯಿದೆ. ರೇಡಾರ್ ಉಪಗ್ರಹಕ್ಕೆ ಎಣ್ಣೆ ಕಾಣುವುದು ಕಪ್ಪು ಕಲೆಯಾಗಿ, ಏಕೆಂದರೆ ಎಣ್ಣೆಯಿದ್ದಲ್ಲಿ ಸಣ್ಣ ಅಲೆಗಳು ಅಡಗಿ ನೀರು ನುಣುಪಾಗುತ್ತದೆ. ಗಾಳಿ ಬೀಸದ ಕಡಲೂ ಹಾಗೇ ನುಣುಪಾಗಿರುತ್ತದೆ. ಹೀಗಾಗಿ ಉಪಗ್ರಹ ಅನುಮಾನ ಎತ್ತಿತೋರಿಸಿದ ಮೇಲೂ ಹೋಗಿ ನೋಡಿ ಹೌದು ಎನ್ನಲು ಮನುಷ್ಯ ಬೇಕು.

ಸಂದೇಶದ ಕಟ್ಟುಪಾಡು

ಹಡಗುಗಳು ಕಳಿಸುವ ಮಾಲಿನ್ಯದ ವರದಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) ಗೊತ್ತುಮಾಡಿದ ಅಚ್ಚಿದೆ. ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ವಿಷಯ. ಎ ಎಂದರೆ ಹಡಗಿನ ಹೆಸರು, ಕರೆಸಂಕೇತ, ಬಾವುಟ. ಬಿ ಎಂದರೆ ದಿನ, ವೇಳೆ. ಸಿ ಎಂದರೆ ಅಕ್ಷಾಂಶ, ರೇಖಾಂಶ. ಪಿ ಎಂದರೆ ಹೊತ್ತಿರುವ ಸರಕು, ಕ್ಯೂ ಎಂದರೆ ಹಡಗಿಗೆ ಆಗಿರುವ ಹಾನಿ, ಆರ್ ಎಂದರೆ ಮಾಲಿನ್ಯದ ವಿವರ, ಎಸ್ ಎಂದರೆ ಗಾಳಿ ಮತ್ತು ಕಡಲಿನ ಸ್ಥಿತಿ, ಟಿ ಎಂದರೆ ಮಾಲೀಕರ ಪ್ರತಿನಿಧಿಯ ಸಂಪರ್ಕ. ಭಾಷೆ ಗೊತ್ತಿಲ್ಲದ ಕ್ಯಾಪ್ಟನ್, ಅವನ ಉಚ್ಚಾರಣೆ ತಿಳಿಯದ ಕಂಟ್ರೋಲ್ ರೂಮಿನವರು, ನಡುವೆ ಗೊರಗೊರ ಎನ್ನುವ ರೇಡಿಯೊ. ಇಂಥಲ್ಲಿ ಈ ಅಚ್ಚು ಕೈಹಿಡಿಯುತ್ತದೆ. ಆರ್ ಬಂತೆಂದರೆ ಮುಂದೆ ಬರುವುದು ಎಣ್ಣೆಯ ವಿಷಯ ಎಂದು ಇಬ್ಬರಿಗೂ ಗೊತ್ತು.

ವೇಳೆಯ ಸಾಲಿನಲ್ಲಿ ಒಂದು ಬಲೆಯಿದೆ. ವರದಿಯ ವೇಳೆ ವಿಶ್ವಮಾನ ಸಮಯದಲ್ಲಿ ಇರಬೇಕು. ನಮ್ಮ ಮಧ್ಯಾಹ್ನ 12.15 ಅಲ್ಲಿ 06.45. ತಿಂಗಳ 22ನೇ ತಾರೀಕಾದರೆ 220645 ಎಂದು ಆರೇ ಅಂಕಿಗಳಲ್ಲಿ ಬರೆಯುತ್ತಾರೆ. ಒಬ್ಬರು ಸ್ಥಳೀಯ ವೇಳೆ ಬರೆದು ಇನ್ನೊಬ್ಬರು ವಿಶ್ವಮಾನವೆಂದು ಓದಿದರೆ ಐದೂವರೆ ಗಂಟೆ ಆಚೀಚೆಯಾಗುತ್ತದೆ. ಆಗ ಎಣ್ಣೆ ಎಲ್ಲಿರಬೇಕೆಂಬ ಇಡೀ ಲೆಕ್ಕವೇ ಕೆಡುತ್ತದೆ.

ಹಡಗಿನ ಗುರುತಿನಲ್ಲೂ ಹೀಗೆಯೇ. ಹೆಸರು ಬದಲಾಗಬಹುದು, ಬಾವುಟ ಬದಲಾಗಬಹುದು. ಹಡಗಿನ ಬೆನ್ನಿಗೆ ಕೊನೆತನಕ ಅಂಟಿಕೊಂಡಿರುವುದು ಏಳು ಅಂಕಿಗಳ ಐಎಂಒ ಸಂಖ್ಯೆ. ಅದರ ಕೊನೆಯ ಅಂಕಿ ಕಾವಲುಗಾರನ ಕೆಲಸ ಮಾಡುತ್ತದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತದ ಕೊನೆಯ ಅಂಕಿ ಏಳನೆಯ ಅಂಕಿಯೇ ಆಗಿರಬೇಕು. ಮಬ್ಬುಬೆಳಕಿನಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರೆ ಈ ಗುಣಾಕಾರ ಹೆಚ್ಚಿನ ಸಲ ಅಲ್ಲೇ ಹಿಡಿದುಕೊಡುತ್ತದೆ.

ಇನ್ನು ಆರ್ ಸಾಲಿನ ಬರವಣಿಗೆ. ‘ಬಂದರಿನ ತುಂಬ ಎಣ್ಣೆ, ಬೇಗ ಬನ್ನಿ’ ಎಂಬುದು ಕೂಗು. ವರದಿ ಹೀಗಿರುತ್ತದೆ: ‘ಇಂಧನ ತುಂಬಿಸುವಾಗ ಎಡಮಗ್ಗುಲಿನ ಗಾಳಿಕೊಳವೆಯಿಂದ ಭಾರದ ಇಂಧನ ತೈಲ ಉಕ್ಕಿದೆ. ಪಂಪು 06.40ಕ್ಕೆ ನಿಂತಿದೆ. ಈಗ ಸೋರಿಕೆಯಿಲ್ಲ. ನೀರಿಗೆ ಬಿದ್ದದ್ದು ಅಂದಾಜು 100ರಿಂದ 200 ಲೀಟರ್. ಕಪ್ಪು ತೇಪೆಗಳು ಹಿಂಬದಿಯಿಂದ 60 ಮೀಟರ್ ದೂರದವರೆಗೆ, ಅದರಾಚೆ ಕಾಮನಬಿಲ್ಲು. ದಕ್ಷಿಣಕ್ಕೆ ಸಾಗುತ್ತಿದೆ.’ ಇದರಲ್ಲಿ ನೋಡಿದ್ದು ಯಾವುದು, ಅಂದಾಜು ಯಾವುದು, ನಿಂತದ್ದು ಯಾವುದು, ಇನ್ನೂ ನಡೆಯುತ್ತಿರುವುದು ಯಾವುದು ಎಂದು ಬೇರೆಬೇರೆಯಾಗಿ ಗೊತ್ತಾಗುತ್ತದೆ. ಕ್ಷಮೆ ಕೇಳುವ ಮಾತಿಲ್ಲ, ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಮಾತಿಲ್ಲ. ಒಂದೊಂದು ಪದದ ಹಿಂದೆಯೂ ಒಂದೊಂದು ನಿರ್ಧಾರ ಕಾಯುತ್ತಿದೆ. ‘ಭಾರದ ತೈಲ’ ಎಂದದ್ದಕ್ಕೆ ಎಣ್ಣೆ ಬಳಿದೆತ್ತುವ ಯಾವ ಸ್ಕಿಮ್ಮರ್ ಯಂತ್ರ ತರಬೇಕೆಂದು ತೀರ್ಮಾನವಾಗುತ್ತದೆ, ‘ದಕ್ಷಿಣಕ್ಕೆ’ ಎಂದದ್ದಕ್ಕೆ ಬೂಮ್ ಎಲ್ಲಿ ಎಳೆಯಬೇಕೆಂದು.

ಯಾರಿಗೆ ಮುಟ್ಟಬೇಕು?

ಬಂದರಿನೊಳಗಿದ್ದರೆ ಮೊದಲ ಕರೆ ವಿಎಚ್‌ಎಫ್ ರೇಡಿಯೊದಲ್ಲಿ ಪೋರ್ಟ್ ಕಂಟ್ರೋಲ್‌ಗೆ. ಅಲ್ಲಿಂದ ಅದು ಬಂದರಿನ ನೌಕಾ ವಿಭಾಗದ ಮುಖ್ಯಸ್ಥರಾದ ಡೆಪ್ಯುಟಿ ಕನ್ಸರ್ವೇಟರ್‌ಗೆ ಹೋಗುತ್ತದೆ. ಬಂದರಿನ ಗಡಿಯೊಳಗಿನ ಎಣ್ಣೆ ತೆಗೆಯುವ ಹೊಣೆ ಬಂದರಿನದು. ಇಡೀ ದೇಶದ ಮಟ್ಟದಲ್ಲಿ ಈ ಕೆಲಸವನ್ನು ಹೊಂದಿಸುವ ಅಧಿಕಾರ ತಟರಕ್ಷಣಾ ಪಡೆಗೆ, ಅಂದರೆ ಕೋಸ್ಟ್ ಗಾರ್ಡ್‌ಗೆ. 1996ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯಲ್ಲಿ 700 ಟನ್ನಿನವರೆಗಿನದು ಮೊದಲ ಹಂತ, 10,000 ಟನ್ನಿನವರೆಗಿನದು ಎರಡನೆಯ ಹಂತ, ಅದಕ್ಕೂ ಮೇಲಿನದು ಮೂರನೆಯ ಹಂತ. ಕರ್ನಾಟಕದ ಕರಾವಳಿಯನ್ನು ನೋಡಿಕೊಳ್ಳುವ ಕೋಸ್ಟ್ ಗಾರ್ಡ್ ಜಿಲ್ಲಾ ಕೇಂದ್ರ ನವಮಂಗಳೂರು ಬಂದರಿರುವ ಪಣಂಬೂರಿನಲ್ಲೇ ಇದೆ.

ಮಾಹಿತಿ ಅಲ್ಲಿಗೂ ನಿಲ್ಲುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎಣ್ಣೆ ಯಾವ ದಡಕ್ಕೆ, ಎಷ್ಟು ಹೊತ್ತಿಗೆ ತಲುಪಬಹುದೆಂದು ಕಂಪ್ಯೂಟರ್ ಮಾದರಿಯಿಂದ ಮುನ್ಸೂಚನೆ ಕೊಡುತ್ತದೆ. ಆ ಮಾದರಿ ಕೇಳುವುದು ಇಷ್ಟೇ: ಎಲ್ಲಿ ಬಿತ್ತು, ಯಾವಾಗ ಬಿತ್ತು, ಯಾವ ಎಣ್ಣೆ, ಎಷ್ಟು. ಎಲ್ಲವೂ ಆ ಮೊದಲ ವರದಿಯಲ್ಲಿದ್ದ ಸಾಲುಗಳು. ಡೆಕ್ಕಿನ ಮೇಲೆ ನಿಂತವನು ಸರಿಯಾಗಿ ನೋಡಿದ್ದರೆ ಹೈದರಾಬಾದಿನ ನಕ್ಷೆಯೂ ಸರಿಯಾಗಿ ಬರುತ್ತದೆ.

ತಡವಾದರೆ ಆಗುವುದೇನು?

ನೀರಿನ ಮೇಲಿನ ಎಣ್ಣೆ ನೀರಿನ ಹರಿವಿನೊಂದಿಗೆ ಪೂರ್ತಿ ಸಾಗುತ್ತದೆ, ಜೊತೆಗೆ ಗಾಳಿಯ ವೇಗದ ಶೇಕಡ 3ರಷ್ಟು ವೇಗದಲ್ಲಿ ಗಾಳಿ ಹೊಡೆದ ಕಡೆಗೆ ಸರಿಯುತ್ತದೆ. 20 ನಾಟ್ ಗಾಳಿಯಿದ್ದರೆ ಹತ್ತು ಗಂಟೆಗಳಲ್ಲಿ ಗಾಳಿಯೊಂದೇ ಅದನ್ನು ಸುಮಾರು 11 ಕಿಲೋಮೀಟರ್ ತಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಗಾಳಿ ಪಡುವಣದ್ದು, ಕರಾವಳಿಯ ಹರಿವು ದಕ್ಷಿಣದ ಕಡೆಗೆ. ಬಂದರಿನ ಹೊರಗೆ ಬಿದ್ದ ಎಣ್ಣೆಗೆ ತಣ್ಣೀರುಬಾವಿಯ ಮರಳೂ, ನೇತ್ರಾವತಿ-ಫಲ್ಗುಣಿ ಕೂಡುವ ಅಳಿವೆ ಬಾಗಿಲೂ ದೂರವೇನಲ್ಲ. ಜೆಟ್ಟಿಯ ಪಕ್ಕ ಒಂದು ಬೂಮಿನೊಳಗೆ ಹಿಡಿಯಬಹುದಾಗಿದ್ದ ಎಣ್ಣೆ ಅಳಿವೆ ಸೇರಿದರೆ, ಮರುವಾಯಿ ಹೆಕ್ಕುವವರ ಕೈಗೆ, ದೋಣಿಯ ಬಲೆಗೆ, ಮೀನಿನ ಮರಿಗಳ ಕಿವಿರಿಗೆ ಅಂಟುತ್ತದೆ.

ಎಣ್ಣೂರಿನ ಘಟನೆ ಈ ಪಾಠವನ್ನು ಕಟುವಾಗಿ ಕಲಿಸಿತು. 2017ರ ಜನವರಿ 28ರ ಬೆಳಗಿನ ಜಾವ ಚೆನ್ನೈ ಹತ್ತಿರದ ಕಾಮರಾಜರ್ ಬಂದರಿನ ಹೊರಗೆ ‘ಬಿಡಬ್ಲ್ಯು ಮೇಪಲ್’ ಮತ್ತು ‘ಡಾನ್ ಕಾಂಚೀಪುರಂ’ ಹಡಗುಗಳು ಡಿಕ್ಕಿಯಾದವು. ಮೊದಮೊದಲು ಬಂದ ಹೇಳಿಕೆಗಳಲ್ಲಿ ಪರಿಸರಕ್ಕೆ ಹಾನಿಯಿಲ್ಲ ಎಂದಿತ್ತು. ಆಮೇಲೆ ದಡದ ಬಂಡೆಗಳ ನಡುವೆ ಭಾರದ ಇಂಧನ ತೈಲ ಬಂದು ಕುಳಿತಿತು. ವಾರಗಟ್ಟಲೆ ಜನ ಬಕೀಟುಗಳಲ್ಲಿ ಮೊಗೆದು ತೆಗೆದ ಜಿಡ್ಡು ನೂರು ಟನ್ನಿಗೂ ಮೀರಿತು. ಮೀನುಗಾರರ ಬದುಕು ತಿಂಗಳುಗಟ್ಟಲೆ ಏರುಪೇರಾಯಿತು. ‘ಸೋರಿಕೆಯಿಲ್ಲ’ ಎಂಬುದೂ ಒಂದು ವರದಿಯೇ. ನೋಡಿ ಹೇಳಿದಾಗ ಮಾತ್ರ ಅದಕ್ಕೆ ಬೆಲೆ. ಕತ್ತಲಲ್ಲಿ ಕಾಣದಿದ್ದರೆ ‘ಇನ್ನೂ ನೋಡಲಾಗಿಲ್ಲ’ ಎಂದು ಬರೆಯಬೇಕು. ‘ಕಾಣಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ನಡುವಿನ ಅಂತರವನ್ನು ಕಾಯ್ದುಕೊಳ್ಳುವುದು ಈ ಕಸುಬಿನ ಮರ್ಯಾದೆ.

ಎಲ್ಲ ತಿಳಿದ ಮೇಲೆ ಹೇಳೋಣ ಎಂದು ಕಾಯುವುದೂ ತಪ್ಪು. ಮೊದಲ ವರದಿಯಲ್ಲಿ ಅರ್ಧ ಖಾನೆಗಳು ಖಾಲಿಯಿದ್ದರೂ ಅಡ್ಡಿಯಿಲ್ಲ. ಖಾಲಿ ಬಿಟ್ಟು ಕಳಿಸಿ, ಮುಂದಿನ ವರದಿ ಎಷ್ಟು ಹೊತ್ತಿಗೆ ಎಂದು ಹೇಳಿ, ಆ ಹೊತ್ತಿಗೆ ತುಂಬಿ ಕಳಿಸುವುದು ಕ್ರಮ.

ಬಾಟಲಿಯೊಳಗಿನ ಸಾಕ್ಷಿ

ಯಾರ ಹಡಗಿನದು ಎಂಬ ಪ್ರಶ್ನೆ ಬಂದಾಗ ಮಾತು ಸಾಲದು, ಮಾದರಿ ಬೇಕು. ಎಣ್ಣೆಯನ್ನು ಗಾಜಿನ ಬಾಟಲಿಯಲ್ಲೇ ತೆಗೆಯುತ್ತಾರೆ, ಏಕೆಂದರೆ ಪ್ಲಾಸ್ಟಿಕ್ಕಿನ ಅಂಶ ಎಣ್ಣೆಯಲ್ಲಿ ಬೆರೆತು ಪರೀಕ್ಷೆ ಕೆಡಿಸುತ್ತದೆ. ತೆಳು ಹೊಳಪಾದರೆ ಟೆಫ್ಲಾನ್ ಜಾಲರಿಯನ್ನು ನೀರಿನ ಮೇಲೆ ಎಳೆದು ಅಂಟಿಸಿಕೊಳ್ಳುತ್ತಾರೆ. ಬಾಟಲಿಗೆ ಚೀಟಿ, ಚೀಟಿಯ ಮೇಲೆ ವೇಳೆ, ಜಾಗ, ತೆಗೆದವರ ಸಹಿ, ಮೇಲೆ ಮೊಹರು. ಅನುಮಾನವಿರುವ ಒಂದೇ ಹಡಗಿನಿಂದ ಮಾದರಿ ತೆಗೆದರೆ ನ್ಯಾಯವಾಗದು, ಅಕ್ಕಪಕ್ಕದ ಹಡಗುಗಳಿಂದಲೂ ತೆಗೆಯಬೇಕು. ಪ್ರಯೋಗಾಲಯದಲ್ಲಿ ಹೋಪೇನ್, ಸ್ಟೆರೇನ್ ಎಂಬ ಸಂಯುಕ್ತಗಳ ಪ್ರಮಾಣಗಳನ್ನು ಹೋಲಿಸುತ್ತಾರೆ. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳಿಂದ ಉಳಿದುಬಂದ ಈ ಅಣುಗಳು ಬಿಸಿಲಿಗೂ ಅಲೆಗೂ ಬೇಗ ಕರಗುವುದಿಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಪಶ್ಚಿಮ ಕರಾವಳಿಯ ಮರಳಿಗೆ ಬಂದು ಬೀಳುವ ಡಾಂಬರಿನಂಥ ಉಂಡೆಗಳ ಮೂಲವನ್ನು ಹುಡುಕಿರುವುದೂ ಈ ದಾರಿಯಲ್ಲೇ.

ಫೋಟೊಗೂ ಶಿಸ್ತಿದೆ. ಎಣ್ಣೆಯನ್ನಷ್ಟೇ ಹತ್ತಿರ ಎಳೆದು ತೆಗೆದ ಚಿತ್ರದಿಂದ ಅದು ಎಲ್ಲಿನದೆಂದು ತಿಳಿಯುವುದಿಲ್ಲ. ಒಂದು ಚಿತ್ರದಲ್ಲಿ ಹಡಗಿನ ಹೆಸರು, ಇನ್ನೊಂದರಲ್ಲಿ ಹಡಗಿನಿಂದ ನೀರಿನವರೆಗಿನ ಎಣ್ಣೆಯ ಜಾಡು, ಮತ್ತೊಂದರಲ್ಲಿ ಜೆಟ್ಟಿಯೋ ದೀಪಸ್ತಂಭವೋ ಸೇರಿದ ದೂರನೋಟ ಇರಬೇಕು. ಹಡಗಿನವರು ತಮ್ಮ ತೈಲ ದಾಖಲೆ ಪುಸ್ತಕದಲ್ಲಿ ಆಕಸ್ಮಿಕ ಸೋರಿಕೆಗೆಂದೇ ಇರುವ ಜಿ ವಿಭಾಗದಲ್ಲಿ ವೇಳೆ, ಜಾಗ, ಪ್ರಮಾಣ, ಕಾರಣ ಬರೆಯಬೇಕು. ಆ ಪುಸ್ತಕವನ್ನು ಕೊನೆಯ ನಮೂದಿನಿಂದ ಮೂರು ವರ್ಷ ಕಾಯ್ದಿಡಬೇಕು.

ಹೇಳುವ ಎದೆಗಾರಿಕೆ

ಇಷ್ಟೆಲ್ಲ ಕಲಿತರೂ ಒಂದು ಉಳಿಯುತ್ತದೆ. ತನ್ನದೇ ಹಡಗಿನ ಬಗ್ಗೆ, ತನಗೆ ಸಂಬಳ ಕೊಡುವವರ ಬಗ್ಗೆ ಹೇಳಬೇಕಾಗಿ ಬಂದಾಗ? 2013ರ ಆಗಸ್ಟ್‌ನಲ್ಲಿ ‘ಕೆರೀಬಿಯನ್ ಪ್ರಿನ್ಸೆಸ್’ ಎಂಬ ಪ್ರವಾಸಿ ಹಡಗಿಗೆ ಹೊಸದಾಗಿ ಸೇರಿದ್ದ ಕಿರಿಯ ಎಂಜಿನಿಯರ್ ಒಬ್ಬ, ಶೋಧಕ ಯಂತ್ರವನ್ನು ತಪ್ಪಿಸಿ ಎಣ್ಣೆನೀರನ್ನು ನೇರ ಕಡಲಿಗೆ ಬಿಡುತ್ತಿದ್ದ ಪೈಪನ್ನು ಕಂಡ. ಫೋಟೊ ತೆಗೆದಿಟ್ಟುಕೊಂಡ. ಹಡಗು ಇಂಗ್ಲೆಂಡಿನ ಸೌತಾಂಪ್ಟನ್ ಬಂದರು ಸೇರಿದಾಗ ಕೆಲಸ ಬಿಟ್ಟು ಇಳಿದು ಬ್ರಿಟನ್ನಿನ ಕಡಲ ಅಧಿಕಾರಿಗಳಿಗೆ ತಿಳಿಸಿದ. ಅವರು ಅಮೆರಿಕದ ಕೋಸ್ಟ್ ಗಾರ್ಡ್‌ಗೆ ಮುಟ್ಟಿಸಿದರು. ಹಡಗಿನೊಳಗೆ ಪೈಪು ಬಿಚ್ಚಿ ಮರೆಮಾಚುವ ಯತ್ನ ನಡೆದರೂ ಅವನ ಚಿತ್ರಗಳು ಉಳಿದಿದ್ದವು. 2016ರ ಡಿಸೆಂಬರಿನಲ್ಲಿ ಕಂಪನಿ ಏಳು ಅಪರಾಧಗಳನ್ನು ಒಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ತಲೆಬಾಗಿತು. ಹಡಗುಗಳ ಉದ್ದೇಶಪೂರ್ವಕ ಮಾಲಿನ್ಯಕ್ಕೆ ಅಲ್ಲಿಯವರೆಗೆ ಬಿದ್ದ ದಂಡಗಳಲ್ಲಿ ಅದೇ ದೊಡ್ಡದು. ಆ ಯುವಕ ಮಾಡಿದ್ದು ಕಂಡದ್ದನ್ನು ದಾಖಲಿಸಿ ಮೊದಲು ಸಿಕ್ಕ ಬಂದರಿನಲ್ಲಿ ಸರಿಯಾದ ಕಚೇರಿಯ ಬಾಗಿಲು ತಟ್ಟಿದ್ದು, ಅಷ್ಟೇ. ಆದರೆ ಹಾಗೆ ಮಾಡಲು ಕೆಲಸವನ್ನೇ ಬಿಡಬೇಕಾಯಿತು.

ನಮ್ಮ ಕರಾವಳಿಯಲ್ಲೂ ಇಂಥ ಕಣ್ಣುಗಳಿಗೆ ಬರವಿಲ್ಲ. ಟ್ರಾಲ್ ಬೋಟಿನ ತಾಂಡೇಲರು, ಟಗ್ಗಿನ ಸಿಬ್ಬಂದಿ, ಜೆಟ್ಟಿಯ ಕಾವಲುಗಾರರು, ಬೆಳಗಿನ ವಾಕಿಂಗಿಗೆ ಪಣಂಬೂರು ಬೀಚಿಗೆ ಬರುವವರು ದಿನವೂ ನೀರು ನೋಡುತ್ತಾರೆ. ಎಷ್ಟೋ ಸಲ ‘ನಮಗ್ಯಾಕೆ ಉಸಾಬರಿ’ ಎಂಬ ಒಂದು ಮಾತಿನಿಂದ ಕಂಡದ್ದು ಅಲ್ಲೇ ಉಳಿಯುತ್ತದೆ. ದಯವಿಟ್ಟು ಹಾಗೆ ಬಿಡಬೇಡಿ. ನೀರಿನ ಮೇಲೆ ಎಣ್ಣೆ ಕಂಡರೆ ವೇಳೆ ಬರೆದುಕೊಳ್ಳಿ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶ ನೋಡಿಕೊಳ್ಳಿ. ಬೆಳ್ಳಿಯೋ, ಕಾಮನಬಿಲ್ಲೋ, ಲೋಹವೋ, ಕಪ್ಪೋ ಎಂದು ಬಣ್ಣ ಗಮನಿಸಿ. ಉದ್ದ, ಅಗಲ, ಗಾಳಿಯ ದಿಕ್ಕು ಹೇಳಿ. ಸೋಪಿನ ನೀರು ಸುರಿದು ಕರಗಿಸಲು ಹೋಗಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಬೋಟಿನಲ್ಲಿದ್ದರೆ ವಿಎಚ್‌ಎಫ್ 16ನೇ ಚಾನೆಲ್, ದಡದಲ್ಲಿದ್ದರೆ ಕೋಸ್ಟ್ ಗಾರ್ಡಿನ ಶುಲ್ಕರಹಿತ ಸಂಖ್ಯೆ 1554. ನಿಮಗೆ ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಆದರೆ ಈಗಲೇ ಹೇಳಿ.